ಸಾಲ ತೀರಿಸುವ ಬಗೆ

ಸೇನೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯಕ್ಕೆ ತುತ್ತಾದವರಿಗೆ ಅಮೆರಿಕದ ಮಾಜಿ ಸೈನಿಕರ ಇಲಾಖೆ ಉಚಿತ ಚಿಕಿತ್ಸೆ ಕೊಡುತ್ತದೆ. 1992ರ ಕಾನೂನು ಹೆಣ್ಣುಮಕ್ಕಳಿಗೆ ಆ ದಾರಿ ತೆರೆಯಿತು. 1994ರಲ್ಲಿ ಗಂಡಸರಿಗೂ ಸಿಕ್ಕಿತು. ಅಲ್ಲಿನ ವೈದ್ಯರು ವಿಚಾರಿಸಿದಾಗ ಹೆಂಗಸರಲ್ಲಿ ಸುಮಾರು ಮೂವರಿಗೆ ಒಬ್ಬರು, ಗಂಡಸರಲ್ಲಿ ಐವತ್ತಕ್ಕೆ ಒಬ್ಬರು ಹೌದೆನ್ನುತ್ತಾರೆ. ದೌರ್ಜನ್ಯ ನಡೆದಾಗ ದೂರು ಕೊಟ್ಟಿರಬೇಕು, ಸಾಕ್ಷಿ ಇರಬೇಕು ಎಂಬ ಕಟ್ಟಳೆ ಚಿಕಿತ್ಸೆಗಿಲ್ಲ. ಇದು ಸಣ್ಣ ಮಾತಲ್ಲ. ಕೈಮಾಡಿದವನು ಎಷ್ಟೋ ಸಲ ಮೇಲಧಿಕಾರಿ. ಅಂಥಲ್ಲಿ ಬಾಯಿ ಬಿಡಲಾಗದವರ ಮಾತನ್ನು ಇಲ್ಲಿ ನಂಬುತ್ತಾರೆ ಎಂಬುದೇ ಅರ್ಧ ಮದ್ದು.

ಆದರೆ ಆ ನಂಬಿಕೆ ಆಸ್ಪತ್ರೆಯ ಹೊಸ್ತಿಲೊಳಗಷ್ಟೇ. ಈ ಗಾಯಕ್ಕೆಂದೇ ಇರುವ, ಅಲ್ಲೇ ಉಳಿದು ಪಡೆಯುವ ಚಿಕಿತ್ಸೆ ಎಲ್ಲ ಊರುಗಳಲ್ಲಿಲ್ಲ. ದೂರದ ರಾಜ್ಯಕ್ಕೂ ಹೋಗಬೇಕಾದೀತು. ಪ್ರಯಾಣ ಭತ್ಯೆಯ ನಿಯಮವೇ ಬೇರೆ: ಸೇವೆಯಿಂದ ಬಂದ ವೈಕಲ್ಯ ಶೇ. 30ರಷ್ಟಾದರೂ ಇದೆಯೆಂದು ಇಲಾಖೆ ಒಪ್ಪಿರಬೇಕು, ಇಲ್ಲವೇ ವರಮಾನ ಕಡಿಮೆಯಿರಬೇಕು, ಹೀಗೆ ಕೆಲವು ಷರತ್ತು. ಅರ್ಹರಾದವರಿಗೆ ಮೈಲಿಗೆ 41.5 ಸೆಂಟ್, ಅದರಲ್ಲೂ ಹೋಗುವಾಗ 3, ಬರುವಾಗ 3 ಡಾಲರ್ ಮುರಿದುಕೊಳ್ಳುತ್ತಾರೆ, ಅರ್ಜಿ 30 ದಿನದೊಳಗೆ ಹಾಕಬೇಕು. ಚಿಕಿತ್ಸೆಯ ನೀತಿಗೂ ಪ್ರಯಾಣದ ನೀತಿಗೂ ತಾಳೆಯಿಲ್ಲವೆಂದು 2012ರ ಡಿಸೆಂಬರಿನಲ್ಲಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ ಹೇಳಿತು. ಅದನ್ನು ಸರಿಪಡಿಸಲೆಂದು ಮರುವರ್ಷ ಸಂಸತ್ತಿನ ಕೆಳಮನೆಗೆ ಮಸೂದೆಯೂ ಬಂತು.

ಒಂದು ಕಿಟಕಿಯಲ್ಲಿ ನಂಬಿದ ಸರಕಾರ ಪಕ್ಕದ ಕಿಟಕಿಯಲ್ಲಿ ಕಾಗದ ಕೇಳಿತು. ಅಲ್ಲಿ ಕೂತ ಗುಮಾಸ್ತರು ಕೆಟ್ಟವರೇನಲ್ಲ, ನಿಯಮ ಓದಿ ಹೇಳುತ್ತಾರೆ. ಆದರೆ ವರ್ಷಗಟ್ಟಲೆ ನುಂಗಿಕೊಂಡದ್ದನ್ನು ವೈದ್ಯರೆದುರು ಹೇಳಲು ಮನಸ್ಸು ಗಟ್ಟಿಮಾಡಿದವರು, ಟಿಕೆಟ್ಟಿನ ದುಡ್ಡಿಗಾಗಿ ಅದನ್ನೇ ಇನ್ನೊಬ್ಬರ ಮುಂದೆ ಬಿಚ್ಚಬೇಕಾದರೆ ಹಿಂದಿರುಗಿಬಿಡಬಹುದು. ಹಾಗೆ ಹಿಂದಿರುಗಿದವರು ಲೆಕ್ಕಪುಸ್ತಕದಲ್ಲಿ ನಷ್ಟವೆಂದು ದಾಖಲಾಗುವುದಿಲ್ಲ, ಉಳಿತಾಯವೆಂದು ಕಾಣುತ್ತಾರೆ.

ಖಜಾನೆಗೆ ಲೆಕ್ಕ ಬೇಡವೇ? ಬೇಕು. ಆದರೆ ಇದೇ ಸೈನಿಕರನ್ನು ಸಮುದ್ರದಾಚೆಯ ನೆಲೆಗಳಿಗೆ ಕಳಿಸುವಾಗ ದಾರಿಖರ್ಚು ಯಾರದೆಂಬ ಪ್ರಶ್ನೆಯೇ ಏಳಲಿಲ್ಲ. ಗಾಯವಾದದ್ದು ಸರಕಾರ ಕೊಟ್ಟ ಸಮವಸ್ತ್ರದಲ್ಲಿ, ಅದರ ಕಾವಲಿನಲ್ಲಿ. ಹಾಗಿದ್ದಮೇಲೆ ಚಿಕಿತ್ಸೆ ಅದು ತೀರಿಸಬೇಕಾದ ಸಾಲ. ಮರ್ಯಾದಸ್ಥ ಸಾಲಗಾರ ಹಣ ಹಿಂದಿರುಗಿಸಲು ತಾನೇ ಕೊಟ್ಟವರ ಮನೆಗೆ ಹೋಗುತ್ತಾನೆ. ‘ನೀವೇ ಬಂದು ಒಯ್ಯಿರಿ, ಬಸ್ ಚಾರ್ಜು ನಿಮ್ಮದು’ ಎನ್ನುವುದಿಲ್ಲ. ದಾರಿಖರ್ಚು ಆ ಸಾಲದ ಅಸಲಿಗೇ ಸೇರಿದ್ದು. ಅದನ್ನು ಬಿಟ್ಟು ಮಿಕ್ಕಿದ್ದನ್ನು ಕೊಟ್ಟು, ತೀರಿತೆಂದು ಬರೆದುಕೊಳ್ಳುವಂತಿಲ್ಲ.