ಕುರ್ಚಿ ಹತ್ತಿ ನಿಂತ ಹುಡುಗ

ಲಂಡನ್ನಿನ ನಮ್ಮ ಬೀದಿಯಲ್ಲಿ ಅಮೆರಿಕದ ಹಿರಿಯರೊಬ್ಬರಿದ್ದಾರೆ. ಬೇಸ್‌ಬಾಲ್ ಕುರಿತ ಪುಸ್ತಕ ಯಾವುದು ಸಿಕ್ಕರೂ ಬಿಡದೆ ಓದುವವರು. ಮೊನ್ನೆ ರೋಜರ್ ಕಾನ್ ಅವರ ‘ದಿ ಬಾಯ್ಸ್ ಆಫ್ ಸಮ್ಮರ್’ ಅನ್ನು ಮೂರನೇ ಸಲ ಓದಿ ಮುಗಿಸಿ, “ನಿಮ್ಮ ಕ್ರಿಕೆಟ್‌ನಲ್ಲಿ ಇಂಥದ್ದು ಏನಾದರೂ ಇದೆಯೇ?” ಎಂದು ಕೇಳಿದರು. ಮರುದಿನ ಎರಡು ಪುಸ್ತಕ ಕೊಟ್ಟು ಬಂದೆ. ಯಾವುವು, ಏಕೆ ಎಂಬುದನ್ನು ನಿಮಗೂ ಹೇಳಬೇಕೆನಿಸಿದೆ.

ಮೊದಲು ಅವರ ಪುಸ್ತಕದ ಮಾತು. ಎಳೆಯ ವರದಿಗಾರರಾಗಿದ್ದ ಕಾನ್ 1952 ಮತ್ತು 53ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಜೊತೆ ಊರೂರು ತಿರುಗಿದ್ದರು. 1972ರಲ್ಲಿ ಬಂದ ಈ ಪುಸ್ತಕದ ಮೊದಲ ಭಾಗ ಆ ದಿನಗಳದ್ದು. ಮನಸ್ಸಿಗೆ ನಾಟುವುದು ಎರಡನೆಯ ಭಾಗ. ಹತ್ತಿರಹತ್ತಿರ ಇಪ್ಪತ್ತು ವರ್ಷ ಕಳೆದ ಮೇಲೆ ಅವರು ಅದೇ ಆಟಗಾರರ ಮನೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಒಬ್ಬರು ಆಗಿನ್ನೂ ಏಳುತ್ತಿದ್ದ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಲಿಫ್ಟ್ ಕೂರಿಸುವ ಕೆಲಸದಲ್ಲಿದ್ದಾರೆ. ಇನ್ನೊಬ್ಬರು ಕಾರು ಅಪಘಾತದಲ್ಲಿ ಮೈಯ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿ ಹಿಡಿದಿದ್ದಾರೆ. ಮತ್ತೊಬ್ಬರು ಜಾಕಿ ರಾಬಿನ್ಸನ್. ಬಿಳಿಯರು ಮಾತ್ರ ಆಡುತ್ತಿದ್ದ ಮೇಜರ್ ಲೀಗ್‌ನೊಳಗೆ 1947ರಲ್ಲಿ ಕಾಲಿಟ್ಟ ಕಪ್ಪು ಆಟಗಾರ. ಬೇಸ್‌ಬಾಲ್‌ನ ನಿಯಮಗಳು ನನಗೆ ಇವತ್ತಿಗೂ ಪೂರ್ತಿ ತಿಳಿಯವು. ಆದರೂ ಪುಸ್ತಕವನ್ನು ಕೆಳಗಿಡಲು ಆಗಲಿಲ್ಲ.

ಬೇಸ್‌ಬಾಲ್ ಅಂದರೆ ಅಮೆರಿಕ ಎಂದು ನಾವು ತಿಳಿದಿದ್ದೇವೆ. ಆದರೆ ಆ ಹೆಸರು ಮೊದಲು ಅಚ್ಚಾದದ್ದೆಂದು ಗುರುತಿಸುವುದು ಲಂಡನ್ನಿನ ಪುಸ್ತಕವೊಂದರಲ್ಲಿ. ಜಾನ್ ನ್ಯೂಬೆರಿ ಎಂಬ ಪುಸ್ತಕ ವ್ಯಾಪಾರಿ 1744ರಲ್ಲಿ ಮಕ್ಕಳಿಗಾಗಿ ಅಂಗೈಯಗಲದ ಪುಸ್ತಕವೊಂದನ್ನು ಹೊರತಂದರು. ಬರೀ ಪುಸ್ತಕಕ್ಕೆ ಆರು ಪೆನ್ನಿ. ಎರಡು ಪೆನ್ನಿ ಸೇರಿಸಿದರೆ ಹುಡುಗರಿಗೆ ಒಂದು ಚೆಂಡು, ಹುಡುಗಿಯರಿಗೆ ಸೂಜಿ ಚುಚ್ಚಿಡುವ ಪುಟ್ಟ ದಿಂಬು. ಅದರಲ್ಲಿ ಆಟಕ್ಕೊಂದು ಚಿತ್ರ, ಒಂದು ಪುಟ್ಟ ಪದ್ಯ. ಕ್ರಿಕೆಟ್ಟೂ ಇದೆ, ಬೇಸ್‌ಬಾಲೂ ಇದೆ. ಒಂದೇ ರಟ್ಟಿನೊಳಗೆ ಹುಟ್ಟಿದ ಅಣ್ಣ ತಮ್ಮಂದಿರಂತೆ ಅವು ನನಗೆ ಕಾಣುತ್ತವೆ. ಅಮೆರಿಕದವರು 1922ರಿಂದ ಮಕ್ಕಳ ಸಾಹಿತ್ಯಕ್ಕೆ ಕೊಡುತ್ತಿರುವ ದೊಡ್ಡ ಪದಕ ಇದೇ ನ್ಯೂಬೆರಿಯ ಹೆಸರಿನದು.

ನಾನು ಕೊಟ್ಟ ಮೊದಲ ಪುಸ್ತಕ ಸಿ.ಎಲ್.ಆರ್. ಜೇಮ್ಸ್ ಅವರ ‘ಬಿಯಾಂಡ್ ಎ ಬೌಂಡರಿ’. ಲಂಡನ್ನಿನಲ್ಲಿ 1963ರಲ್ಲಿ ಅಚ್ಚಾಯಿತು. ಜೇಮ್ಸ್ ಟ್ರಿನಿಡಾಡ್‌ನವರು, ಹುಟ್ಟಿದ್ದು 1901ರಲ್ಲಿ. ಅವರ ಮನೆಯ ಕಿಟಕಿ ಆಟದ ಬಯಲಿಗೆ ತೆರೆದಿತ್ತು. ಆರು ವರ್ಷದ ಹುಡುಗ ಕುರ್ಚಿ ಹತ್ತಿ ನಿಂತರೆ ಪಂದ್ಯ ಕಾಣುತ್ತಿತ್ತು. ಅಲ್ಲಿಂದ ಕಿಟಕಿಯ ಕಟ್ಟೆ ಹತ್ತಿ ಕೈ ಚಾಚಿದರೆ ಕಪಾಟಿನ ಮೇಲಿನ ಪುಸ್ತಕಗಳೂ ಎಟಕುತ್ತಿದ್ದವು. ಆಟ ಒಂದು ಕೈಯಲ್ಲಿ, ಓದು ಇನ್ನೊಂದು ಕೈಯಲ್ಲಿ. ಇಡೀ ಪುಸ್ತಕ ನಿಂತಿರುವುದು ಆ ಕುರ್ಚಿಯ ಮೇಲೆ.

ಆ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ ಬೇರೆ. ಅಂದಿನ ಟ್ರಿನಿಡಾಡ್‌ನಲ್ಲಿ ಕ್ರಿಕೆಟ್ ಕ್ಲಬ್‌ಗಳು ಮೈಬಣ್ಣದ ಲೆಕ್ಕದಲ್ಲಿ ಹಂಚಿಹೋಗಿದ್ದವು. ಸಿರಿವಂತ ಬಿಳಿಯರಿಗೆ ಒಂದು, ತಿಳಿಬಣ್ಣದ ಮಧ್ಯಮ ವರ್ಗಕ್ಕೆ ಮೇಪಲ್, ಕಪ್ಪು ಕೆಳಮಧ್ಯಮದವರಿಗೆ ಶಾನನ್, ಕೂಲಿ ಮಾಡುವವರಿಗೆ ಇನ್ನೊಂದು. ಜೇಮ್ಸ್ ಕಪ್ಪು ಮೈಯವರು, ಆದರೆ ಓದಿದವರು. ಅವರಿಗೆ ಶಾನನ್ ಕ್ಲಬ್ಬೂ ತೆರೆದಿತ್ತು, ಮೇಪಲ್ಲೂ ಬಾ ಎಂದಿತು. ಅವರು ಮೇಪಲ್ ಸೇರಿದರು. ತನ್ನವರಿಂದ ದೂರವಾದ ಆ ತಪ್ಪು ತನ್ನನ್ನು ಎಷ್ಟು ವರ್ಷ ಹಿಂದಕ್ಕೆ ಹಾಕಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕೇರಿ, ಓಣಿ, ಪಂಕ್ತಿಗಳನ್ನು ಕಂಡ ನಮಗೆ ಈ ಅಧ್ಯಾಯಕ್ಕೆ ಟಿಪ್ಪಣಿ ಬೇಡ. ಮುಂದೆ 1960ರಲ್ಲಿ ಅವರು ತಮ್ಮ ಪತ್ರಿಕೆಯಲ್ಲಿ ಬಿಡದೆ ಬರೆದು, ಫ್ರಾಂಕ್ ವೊರೆಲ್ ಅವರೇ ವೆಸ್ಟ್ ಇಂಡೀಸ್ ನಾಯಕರಾಗಬೇಕೆಂದು ಹಟ ಹಿಡಿದರು. ಒಂದು ಪೂರ್ತಿ ಸರಣಿಗೆ ಕಪ್ಪು ನಾಯಕ ಸಿಕ್ಕಿದ್ದು ಅದೇ ಮೊದಲು. ಅಮೆರಿಕದ ರಾಬಿನ್ಸನ್ ಕಥೆ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಎರಡನೆಯದು ನಮ್ಮ ಬೆಂಗಳೂರಿನಲ್ಲಿ ನೆಲೆಸಿರುವ ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’, 2002ರದು. ಅದರ ನಾಯಕ ಎಂದರೆ ಪಲ್ವಂಕರ್ ಬಾಲೂ. ಹುಟ್ಟಿದ್ದು ಧಾರವಾಡದಲ್ಲಿ, ದಲಿತ ಕುಟುಂಬದಲ್ಲಿ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಉರುಳಿಸಿ, ನೆಟ್ ಕಟ್ಟುವ ಆಳಾಗಿದ್ದವರು ಸಾಹೇಬರಿಗೆ ಅಭ್ಯಾಸಕ್ಕೆಂದು ಎಸೆದು ಎಸೆದು ಎಡಗೈ ಸ್ಪಿನ್ನರ್ ಆದರು. ಮತಕ್ಕೊಂದು ತಂಡವಿದ್ದ ಆ ಕಾಲದಲ್ಲಿ, ಅವರ ಬೌಲಿಂಗ್ ಇಲ್ಲದೆ ಗೆಲ್ಲಲಾಗದೆಂದು ಹಿಂದೂಗಳ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟಿದರು. ಟೀ ವಿರಾಮದಲ್ಲಿ ಮಾತ್ರ ಅವರಿಗೆ ಹೊರಗಡೆ, ಕುಡಿದು ಎಸೆಯುವ ಮಣ್ಣಿನ ಲೋಟದಲ್ಲಿ ಚಹಾ. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ತಂಡದೊಡನೆ ಇಂಗ್ಲೆಂಡಿಗೆ ಬಂದರು. ತಂಡ ಸೋತು ಸೋತು ಸುಸ್ತಾದ ಆ ಬೇಸಿಗೆಯಲ್ಲಿ ಬಾಲೂ ಒಬ್ಬರೇ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. 1923ರಲ್ಲಿ ಅವರ ತಮ್ಮ ವಿಠಲ್ ನಾಯಕರಾದಾಗಲೇ ಆ ಮನೆಗೆ ಆ ಗೌರವ ಸಿಕ್ಕಿತು.

ಲಂಡನ್ನಿಗೆ ಬರುವ ಕನ್ನಡಿಗರಿಗೆ ನಾನು ಒಂದು ನಡಿಗೆ ಹೇಳುತ್ತಿರುತ್ತೇನೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರಿನಿಂದ ನಿಂತಿರುವ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ದಕ್ಷಿಣಕ್ಕೆ ಹೊರಟರೆ ಅರ್ಧ ಗಂಟೆಯಲ್ಲಿ ಓವಲ್ ಮೈದಾನ. ಇನ್ನೂ ಮುಂದಕ್ಕೆ ನಡೆದರೆ ಬ್ರಿಕ್ಸ್‌ಟನ್, ಅಲ್ಲಿನ ರೇಲ್‌ಟನ್ ರಸ್ತೆ. 165ನೇ ನಂಬರಿನ ಮನೆಗೆ ನೀಲಿ ಫಲಕವಿದೆ. ಜೇಮ್ಸ್ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿ. 1989ರಲ್ಲಿ ತೀರಿಕೊಂಡರು.

ಈ ದಾರಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಓವಲ್‌ನ ಗೋಡೆಯ ಬಳಿ. 1971ರ ಆಗಸ್ಟ್‌ನಲ್ಲಿ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಇಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು 101ಕ್ಕೆ ಕೆಡವಿದರು. ಬಾಲ್ಯದಲ್ಲಿ ಪೋಲಿಯೋ ಬಡಿದು ಸಣಕಲಾದ ಬಲಗೈಯೇ ಎಸೆದ ಚೆಂಡುಗಳವು. ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಎಡ್ರಿಚ್‌ಗೆ ವೇಗದ ಚೆಂಡು ಹಾಕೆಂದು ಜೊತೆ ಆಟಗಾರ ದಿಲೀಪ್ ಸರ್ದೇಸಾಯಿ ಅವರು ಆ ವರ್ಷ ಡರ್ಬಿ ಗೆದ್ದಿದ್ದ ಮಿಲ್ ರೀಫ್ ಕುದುರೆಯ ಹೆಸರು ಕೂಗಿದ್ದು, ಎಡ್ರಿಚ್ ಬ್ಯಾಟ್ ಇಳಿಸುವಷ್ಟರಲ್ಲಿ ಬೌಲ್ಡ್ ಆದದ್ದು ಆ ತಂಡದವರೇ ಹೇಳುತ್ತ ಬಂದ ಕಥೆ. 24ನೇ ತಾರೀಕು, ಗಣೇಶ ಚೌತಿ. ಚೆಸಿಂಗ್ಟನ್ ಮೃಗಾಲಯದ ಬೆಲ್ಲಾ ಎಂಬ ಆನೆಯನ್ನು ಅಭಿಮಾನಿಗಳು ಮೈದಾನಕ್ಕೆ ಕರೆತಂದಿದ್ದರು. ಗುಂಡಪ್ಪ ವಿಶ್ವನಾಥ್ 33 ರನ್ ಮಾಡಿ ಗೆಲುವಿನ ಹೊಸ್ತಿಲಲ್ಲಿ ಔಟಾದರು. ಭಾರತ ನಾಲ್ಕು ವಿಕೆಟ್‌ಗಳಿಂದ ಗೆದ್ದಿತು, ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ಗೆಲುವು.

ಸ್ಕೋರುಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಸಿಗದಿರುವುದು ಅಂದಿನ ಮೈಸೂರಿನ ಓಣಿ, ಭದ್ರಾವತಿಯ ಕಾರ್ಖಾನೆ ಮನೆಗಳು, ಚೌತಿಯ ಕಡುಬಿನ ತಟ್ಟೆ ಪಕ್ಕಕ್ಕಿಟ್ಟು ರೇಡಿಯೋಕ್ಕೆ ಕಿವಿಗೊಟ್ಟವರ ಮಾತು. ಕಾನ್ ಮನೆಮನೆಗೆ ಹೋಗಿ ಕೂಡಿಸಿಟ್ಟದ್ದು, ಜೇಮ್ಸ್ ತನ್ನ ಕಿಟಕಿಯಿಂದ ಕಂಡು ಬರೆದದ್ದು ಅಂಥದ್ದನ್ನೇ. ಆ ಸಂಜೆ ನೆನಪಿರುವವರು ಈಗ ಅರವತ್ತು ದಾಟಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಭಾನುವಾರ ಪಕ್ಕದಲ್ಲಿ ಕುಳಿತು ಕೇಳಿ. ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆದಿಡಿ.