ಕಲೆಯ ಹೊಸ್ತಿಲು

ಹೊಸ ಕಾಲದ ಕಲೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ದೂರುಗಳು ಕೇಳಿಬರುತ್ತವೆ. 'ಇದು ನಮಗೆ ಅರ್ಥವಾಗುವುದಿಲ್ಲ' ಎಂಬುದು ಜನರದು. 'ನಿಂತು ನೋಡುವ ವ್ಯವಧಾನ ಜನರಿಗಿಲ್ಲ' ಎಂಬುದು ಕಲಾವಿದರದು. ಅತ್ತೆ ಸೊಸೆಯರ ದೂರಿನ ಹಾಗೆ ಎರಡರಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿದೆ. ಎಷ್ಟು ಕೇಳಿದರೂ ಮನೆಯ ಜಗಳ ಮಾತ್ರ ತೀರುವುದಿಲ್ಲ. ಪ್ರಶ್ನೆಯನ್ನೇ ಕೊಂಚ ಬದಲಾಯಿಸಿ ಕೇಳಬೇಕೆಂದು ನನಗೆ ಬಹು ದಿನಗಳಿಂದ ತೋರಿದೆ. ಕಲೆ ಅರ್ಥವಾಗುತ್ತದೆಯೆ ಇಲ್ಲವೆ ಎಂಬುದು ಆಮೇಲಿನ ಮಾತು. ಅದರ ಎದುರಿಗೆ ನೆಮ್ಮದಿಯಾಗಿ ನಿಲ್ಲುವ ಧೈರ್ಯ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ? ಬಾರದಿದ್ದರೆ ಅದರ ಹೊಣೆ ಯಾರದು? ಹೀಗೆ ಕೇಳಿದ ಕೂಡಲೆ ವಿಷಯ ಅಭಿರುಚಿಯ ಕಕ್ಷೆಯನ್ನು ಬಿಟ್ಟು ನ್ಯಾಯದ ಕಕ್ಷೆಗೆ ಬಂದುಬಿಡುತ್ತದೆ.

ಬರಿಯ ಮಾತಿಗಿಂತ ಉದಾಹರಣೆ ಮೇಲು. 2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಯ ಒಂದು ದೊಡ್ಡ ಗುಂಡಿಯಲ್ಲಿ ಮೊಸಳೆ ಕಾಣಿಸಿಕೊಂಡಿತು. ಜೀವಂತ ಮೊಸಳೆಯಲ್ಲ, ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಮಾಡಿ ತಂದಿಟ್ಟದ್ದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತವರು ಅವರು. ನೀರು ನಿಂತ ಗುಂಡಿ ಕೆರೆಯಾಯಿತು, ಕೆರೆಯಲ್ಲಿ ಮೊಸಳೆಯಿತ್ತು, ದಾರಿಹೋಕರು ನಿಂತು ನೋಡಿ ನಕ್ಕರು. ನಗುವಿನ ಸುದ್ದಿ ಊರೆಲ್ಲ ಹರಡಿತು. ಗುಂಡಿ ಮುಚ್ಚುವ ಕೆಲಸ ಚುರುಕಾಯಿತು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಚಂದ್ರನ ಸುತ್ತ ತಿರುಗುತ್ತಿದ್ದ ದಿನಗಳಲ್ಲಿ, ಇದೇ ಕಲಾವಿದರು ನಟನೊಬ್ಬನಿಗೆ ಗಗನಯಾತ್ರಿಯ ಉಡುಪು ತೊಡಿಸಿ, ಗುಂಡಿಬಿದ್ದ ರಸ್ತೆಯ ಮೇಲೆ ನಿಧಾನವಾಗಿ ನಡೆಸಿ ಚಿತ್ರ ತೆಗೆದರು. ಚಂದ್ರಲೋಕವೆಂದುಕೊಂಡು ನೋಡುತ್ತಿದ್ದಂತೆ ಪಕ್ಕದಲ್ಲಿ ಒಂದು ಆಟೋರಿಕ್ಷಾ ಹಾದುಹೋಗುತ್ತದೆ! ಇದನ್ನು ಯಾರಾದರೂ ವಿವರಿಸಬೇಕಾಯಿತೆ? ಇಲ್ಲ. ಹೂ ಮಾರುವವಳಿಗೂ ಹೈಕೋರ್ಟಿನ ವಕೀಲನಿಗೂ ಅದು ಒಂದೇ ಕ್ಷಣದಲ್ಲಿ ತಿಳಿಯಿತು.

ಈಗ ಇನ್ನೊಂದು ಉದಾಹರಣೆ. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜುಗಳಲ್ಲಿ ಕಲಿತ ಶೀಲಾ ಗೌಡರು ಬಣ್ಣ ಕುಂಚಗಳಿಂದ ಆರಂಭಿಸಿ, 1990ರ ದಶಕದಲ್ಲಿ ಸಗಣಿ, ಕುಂಕುಮ, ದಾರ, ಸೂಜಿಗಳ ಕಡೆಗೆ ತಿರುಗಿದವರು. 2009ರ ವೆನಿಸ್ ಬಿಯೆನಾಲೆಯಲ್ಲಿ ಅವರ 'ಬಿಹೋಲ್ಡ್' ಎಂಬ ಕೃತಿ ಪ್ರದರ್ಶಿತವಾಯಿತು. 'ನೋಡು' ಎಂದು ಅದರ ಅರ್ಥ. ಸುಮಾರು ನಾಲ್ಕು ಕಿಲೋಮೀಟರು ಉದ್ದದ ಕೂದಲ ಹಗ್ಗ. ಆ ಹಗ್ಗದಿಂದ ಕಟ್ಟಿ ತೂಗುಹಾಕಿದ ಸುಮಾರು ಇಪ್ಪತ್ತು ಕಾರಿನ ಬಂಪರುಗಳು. ಉಳಿದ ಹಗ್ಗ ಗೋಡೆಯಿಂದ ಇಳಿದು ನೆಲದ ಮೇಲೆ ರಾಶಿಯಾಗಿ ಬಿದ್ದಿದೆ. ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದ ಸ್ವತ್ತು. ನಾನು ಅದನ್ನು ಪಟಗಳಲ್ಲಿ ಮಾತ್ರ ನೋಡಿದ್ದೇನೆ.

ಮೊದಲ ನೋಟಕ್ಕೆ ಇದು ವಿಚಿತ್ರವೆನಿಸುತ್ತದೆ. ಆದರೆ ಆ ಹಗ್ಗ ಎಲ್ಲಿಯದು? ದೇವಸ್ಥಾನಗಳಲ್ಲಿ ಭಕ್ತರು ಹರಕೆಗೆ ಕೊಟ್ಟ ಮುಡಿಯದು. ಉದ್ದನೆಯ ಕೂದಲು ಟೋಪನ್ನುಗಳ ವ್ಯಾಪಾರಕ್ಕೆ ದೇಶಾಂತರ ಹೋಗುತ್ತದೆ. ಗಿಡ್ಡ ಕೂದಲನ್ನು ಹೊಸೆದು ಹಗ್ಗ ಮಾಡುತ್ತಾರೆ. ನಮ್ಮ ಡ್ರೈವರುಗಳು ದೃಷ್ಟಿ ತಾಗದಿರಲಿ, ಅಪಘಾತವಾಗದಿರಲಿ ಎಂದು ಅದನ್ನು ಗಾಡಿಯ ಬಂಪರಿಗೆ ಸುತ್ತುತ್ತಾರೆ. ಒಬ್ಬರ ಹರಕೆ ಇನ್ನೊಬ್ಬರ ರಕ್ಷೆಯಾಗುತ್ತದೆ. ಉಕ್ಕಿನ ಬಂಪರು ಗಾಡಿಯನ್ನು ಕಾಯಬೇಕು. ಆ ಉಕ್ಕನ್ನು ಕಾಯುವುದಕ್ಕೆ ಮನುಷ್ಯನ ಕೂದಲು ಬೇಕು. ಕೃತಿಯಲ್ಲಿಯೂ ಭಾರವಾದ ಉಕ್ಕನ್ನು ಎತ್ತಿ ಹಿಡಿದಿರುವುದು ಆ ಕೂದಲೇ. ಭಯ, ನಂಬಿಕೆ, ವ್ಯಾಪಾರ, ಯಂತ್ರ ಇವೆಲ್ಲ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ. ಇದನ್ನು ಬಲ್ಲವರು ಯಾರು? ವೆನಿಸ್ಸಿಗೆ ಬಂದ ಪ್ರವಾಸಿಗಳಿಗಿಂತ ಯಶವಂತಪುರದ ಲಾರಿ ಡ್ರೈವರು ಚೆನ್ನಾಗಿ ಬಲ್ಲ. ಅವನ ಕೈಗೆ ಆ ಹಗ್ಗದ ಒರಟು ಗೊತ್ತು. ಅದನ್ನು ಕಟ್ಟುವಾಗ ಮನಸ್ಸಿನಲ್ಲಿ ಯಾವ ಅಳುಕಿರುತ್ತದೆ ಎಂಬುದೂ ಗೊತ್ತು. ಆದರೆ ಆ ಕೃತಿಯ ಎದುರಿಗೆ ಅವನನ್ನು ಕರೆತಂದು ನಿಲ್ಲಿಸುವ ದಾರಿಯನ್ನು ಮಾತ್ರ ನಾವು ಮಾಡಿಲ್ಲ.

ಈ ಎರಡನ್ನೂ ಎದುರು ಬದುರಿಟ್ಟು, ಮೊಸಳೆಯೇ ಜನರ ಕಲೆ, ಕೂದಲ ಹಗ್ಗ ಪಂಡಿತರ ಕಲೆ ಎಂದು ತೀರ್ಪು ಕೊಡುವವರಿದ್ದಾರೆ. ಜನಪರವಾಗಿ ಕೇಳಿಸುವ ಈ ಮಾತಿನಲ್ಲಿ ಜನರ ವಿಷಯದಲ್ಲಿ ಒಂದು ತಾತ್ಸಾರ ಅಡಗಿದೆ. ಮೊಸಳೆಯ ಕೃತಿ ಒಳ್ಳೆಯದೇ. ಅದರ ಬಾಣ ನೇರವಾಗಿ ಹೋಗಿ ನಾಟುತ್ತದೆ. ಗುಂಡಿ ಮುಚ್ಚಿದಾಗ ಅದರ ಕೆಲಸ ಮುಗಿಯುತ್ತದೆ. ಹಗ್ಗದ ಕೃತಿ ಹಾಗೆ ಮುಗಿಯುವುದಿಲ್ಲ. ಮನುಷ್ಯನ ಭಯಕ್ಕೆ ಡಾಂಬರು ಹಾಕಿ ಮುಚ್ಚುವ ಇಲಾಖೆ ಯಾವುದೂ ಇಲ್ಲ. ನಮಗೆ ಎರಡು ಬಗೆಯದೂ ಬೇಕು. ಮುಗಿಯದ ಪ್ರಶ್ನೆಗಳೆಲ್ಲ ಓದಿದವರಿಗಿರಲಿ, ಮಿಕ್ಕವರಿಗೆ ಮುಗಿಯುವ ಹಾಸ್ಯ ಸಾಕು ಎನ್ನುವುದು ಪಂಕ್ತಿಭೇದ. ಬಡಿಸುವವನು ಎಷ್ಟೇ ಪ್ರೀತಿಯಿಂದ ಬಡಿಸಿದರೂ ಪಂಕ್ತಿಭೇದ ಪಂಕ್ತಿಭೇದವೇ.

ಹಾಗಾದರೆ ಅಡ್ಡಿ ಇರುವುದೆಲ್ಲಿ? ಹಣದಲ್ಲಿ ಎಂದರೆ ಪೂರ್ತಿ ಸರಿಯಾಗಲಾರದು. 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಟಿಕೆಟ್ಟು ಒಂದು ಲೋಟ ಕಾಫಿಯ ಬೆಲೆಯ ಆಸುಪಾಸಿನದು. ಖಾಸಗಿ ಗ್ಯಾಲರಿಗಳಲ್ಲಿ ಅನೇಕವು ಏನೂ ತೆಗೆದುಕೊಳ್ಳುವುದಿಲ್ಲ. ಆದರೂ ಒಂದು ಸಂಗತಿಯನ್ನು ನಾನು ಕಂಡಿದ್ದೇನೆ. ಉಚಿತ ಪ್ರವೇಶವಿದ್ದ ಒಂದು ಪ್ರದರ್ಶನಕ್ಕೆ ಮಗಳ ಕೈ ಹಿಡಿದುಕೊಂಡು ಒಬ್ಬರು ಬಂದರು. ಬಾಗಿಲಲ್ಲಿದ್ದ ಕಾವಲುಗಾರನನ್ನು, 'ನಾವು ಒಳಗೆ ಹೋಗಬಹುದಾ ಸಾರ್?' ಎಂದು ಕೇಳಿದರು. 'ಹೋಗಿ' ಎಂದ ಅವನು, ತಡೆಯಲಿಲ್ಲ. ಒಳಗೆ ಬಂದವರು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಅನುಮಾನಿಸಿದರು. ಗೋಡೆಯ ಮೇಲಿನ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಮಗು ಒಂದು ಕಡೆ ನಿಂತು, 'ಅಪ್ಪಾ, ಇದೇನು?' ಎಂದು ಕೇಳಿತು. 'ಶ್, ಮಾತಾಡಬಾರದು' ಎಂದರು ತಂದೆ. ಐದು ನಿಮಿಷದಲ್ಲಿ ಇಬ್ಬರೂ ಹೊರಗಿದ್ದರು. ಸಂತೆಗೆ, ಜಾತ್ರೆಗೆ ಹೋಗುವಾಗ ಆ ಮನುಷ್ಯ ಯಾರ ಅಪ್ಪಣೆಯನ್ನೂ ಕೇಳಿರಲಾರರು. ಇಲ್ಲಿ ಯಾರೂ ತಡೆಯದಿದ್ದರೂ ಅವರು ತಡೆಯಲ್ಪಟ್ಟರು.

ಅಭಿನವಗುಪ್ತನು ರಸಾನುಭವಕ್ಕೆ ಏಳು ವಿಘ್ನಗಳುಂಟೆಂದು ಹೇಳಿದ್ದಾನೆ. ನೋಡುವವನು ತನ್ನ ಸುಖದುಃಖಗಳಲ್ಲಿಯೇ ಸಿಕ್ಕಿಕೊಂಡಿರುವುದು ಅವುಗಳಲ್ಲಿ ಒಂದು. ಸಂಕೋಚ ಈ ವಿಘ್ನದ ಜಾತಿಗೇ ಸೇರಿದ್ದೆಂದು ನನಗನ್ನಿಸುತ್ತದೆ. ಸಂಕೋಚಪಟ್ಟವನಿಗೆ ಚಿತ್ರ ಕಾಣುವುದಿಲ್ಲ. ತಾನು ಮಾತ್ರ ಕಾಣುತ್ತಾನೆ. ತನ್ನ ಅಂಗಿ, ತನ್ನ ಚಪ್ಪಲಿ, ತನ್ನ ಇಂಗ್ಲಿಷು. ಅಂಥವನನ್ನು ಕುರಿತು 'ಇವನಿಗೆ ಕಲೆ ತಿಳಿಯದು' ಎಂದರೆ, ಕಣ್ಣಿಗೆ ಬಟ್ಟೆ ಕಟ್ಟಿ ಕುರುಡನೆಂದು ಕರೆದಂತಾಗುತ್ತದೆ. ಕಲೆಯನ್ನು ಜನರ ಹತ್ತಿರ ತರಬೇಕೆನ್ನುವವರು ಮೊದಲು ಬಿಚ್ಚಬೇಕಾದದ್ದು ಈ ಬಟ್ಟೆಯನ್ನು. ಕೃತಿಯನ್ನು ಸುಲಭ ಮಾಡುವುದಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲ.

ಬಿಚ್ಚುವ ಕಲೆ ನಮಗೆ ಹೊಸದೇನೂ ಅಲ್ಲ. ಕುಮಾರವ್ಯಾಸನ ಭಾರತ ಸುಲಭವಾದ ಗ್ರಂಥವೆ? ಅದರ ರೂಪಕಗಳನ್ನು ಬಿಡಿಸಲು ಪಂಡಿತರೂ ತಡವರಿಸುತ್ತಾರೆ. ಆದರೂ ಅಕ್ಷರ ಬಾರದವರು ದೀಪದ ಬೆಳಕಿನಲ್ಲಿ ಚಾವಡಿಯಲ್ಲಿ ಕುಳಿತು ರಾತ್ರಿಯೆಲ್ಲ ಅದನ್ನು ಕೇಳಿದರು. ಹೇಗೆ? ಗಮಕಿ ಪದ್ಯವನ್ನು ರಾಗವಾಗಿ ಓದುತ್ತಿದ್ದರು. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದನ್ನು ಕೇಳುವವರ ಮಾತಿನಲ್ಲಿ, ಅವರ ಹೊಲಮನೆಗಳ ಉಪಮೆ ಕೊಟ್ಟು ಬಿಡಿಸುತ್ತಿದ್ದರು. ಶಿವಮೊಗ್ಗದ ಬಳಿಯ ಹೊಸಹಳ್ಳಿ, ಮತ್ತೂರುಗಳಲ್ಲಿ ಈ ಪರಂಪರೆ ಇಂದಿಗೂ ಇದೆ. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಗೌರವ ಬಂದಿತು. ಇದರಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಜನರಿಗೆ ತಿಳಿಯಲಿ ಎಂದು ಯಾರೂ ಪದ್ಯವನ್ನು ಮೊಟಕುಮಾಡಲಿಲ್ಲ. ಎರಡನೆಯದು, ಕೇಳುವವನು ಮಧ್ಯೆ ಬಾಯಿ ಹಾಕಿ, 'ಅದು ಹೇಗೆ ಸ್ವಾಮಿ?' ಎಂದು ಕೇಳಬಹುದಾಗಿತ್ತು. ಕೃತಿಗೂ ಗೌರವ, ಕೇಳುಗನಿಗೂ ಗೌರವ. ನಮ್ಮ ಕಲಾಶಾಲೆಗಳು ವರ್ಷ ವರ್ಷವೂ ಕಲಾವಿದರನ್ನು ಹೊರತರುತ್ತಿವೆ. ವ್ಯಾಖ್ಯಾನಕಾರರನ್ನು ಯಾರು ತಯಾರುಮಾಡುತ್ತಿದ್ದಾರೆ?

ಹೀಗೆ ವ್ಯಾಖ್ಯಾನಿಸುವವರು ಬಂದರೆ ಅವರಿಗೆ ಮಾತಿನ ಬಡತನವೇನೂ ಇಲ್ಲ. ವಸ್ತುಗಳನ್ನು ಒಂದೆಡೆ ಜೋಡಿಸಿ ನಿಲ್ಲಿಸುವ ಹೊಸ ಕಲೆಗೆ ಕನ್ನಡದಲ್ಲಿ 'ಪ್ರತಿಷ್ಠಾಪನಾ ಕಲೆ' ಎಂಬ ಹೆಸರು ಬಂದಿದೆ. ಗಣೇಶನ ಹಬ್ಬದಲ್ಲಿ ಬೀದಿಬೀದಿಯ ಹುಡುಗರು ಮಾಡುವುದು ಪ್ರತಿಷ್ಠಾಪನೆಯೇ ಅಲ್ಲವೆ? ಬಿದಿರು, ಬಣ್ಣದ ಕಾಗದ, ದೀಪ, ಮಣ್ಣು ಸೇರಿಸಿ ಒಂದು ಲೋಕವನ್ನು ಕಟ್ಟುತ್ತಾರೆ. ಕೆಲವು ದಿನ ಕಳೆದ ಮೇಲೆ ನೀರಿನಲ್ಲಿ ಬಿಡುತ್ತಾರೆ. ನಮ್ಮ ಹೆಂಗಸರು ಬೆಳಿಗ್ಗೆ ಹಾಕಿದ ರಂಗೋಲಿ ಸಂಜೆಗೆ ಅಳಿಸಿರುತ್ತದೆ. ನವರಾತ್ರಿಯಲ್ಲಿ ಗೊಂಬೆ ಜೋಡಿಸುವ ಮನೆಯಲ್ಲಿ ಬೆಟ್ಟಕ್ಕೆ ಪಾತ್ರೆ, ಹೊಳೆಗೆ ಕನ್ನಡಿ. ಉಳಿಯದ ಕಲೆ, ಜೋಡಿಸುವ ಕಲೆ, ಮನೆಯ ಸಾಮಾನಿನ ಕಲೆ, ಇವಾವುವೂ ನಮಗೆ ಪರದೇಶದಿಂದ ಬಂದ ಬೆರಗುಗಳಲ್ಲ. ಹಬ್ಬದ ಭಕ್ತಿಯೇ ಬೇರೆ, ಕಲಾವಿದನ ಪ್ರಶ್ನೆಯೇ ಬೇರೆ ಎಂಬುದು ನಿಜ. ಆದರೆ ಕೈಕೊಟ್ಟು ಒಳಗೆ ಕರೆದೊಯ್ಯಲು ಒಂದು ಪರಿಚಿತ ಮೆಟ್ಟಿಲು ಸಾಕು.

ಈ ದಿಕ್ಕಿನಲ್ಲಿ ಪ್ರಯತ್ನಗಳು ನಡೆದೇ ಇಲ್ಲವೆಂದರೆ ಅನ್ಯಾಯವಾದೀತು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆ ಈಗ ಬೆಂಗಳೂರಿನ ಹಬ್ಬಗಳಲ್ಲೊಂದು. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಬದಿಯಲ್ಲಿ ಚಿತ್ರಗಳನ್ನು ಹರಡುತ್ತಾರೆ. ಜನ ಲಕ್ಷಗಟ್ಟಲೆ ಬರುತ್ತಾರೆ. ರಸ್ತೆಗೆ ಹೊಸ್ತಿಲಿಲ್ಲವಾದ್ದರಿಂದ ಸಂಕೋಚವೂ ಇಲ್ಲ. ಮಗು ಜೋರಾಗಿ 'ಇದೇನು?' ಎನ್ನುತ್ತದೆ, ಎದುರಿಗೆ ಕುಳಿತ ಕಲಾವಿದನೇ ಉತ್ತರ ಹೇಳುತ್ತಾನೆ. ಆದರೆ ಸಂತೆ ಎಷ್ಟಾದರೂ ಸಂತೆ. ಮಾರಲಾಗದ್ದಕ್ಕೆ, ಮೊಳೆಗೆ ತೂಗುಹಾಕಲಾಗದ್ದಕ್ಕೆ ಅಲ್ಲಿ ಜಾಗ ಕಡಿಮೆ. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯದಲ್ಲಿ ದೃಷ್ಟಿಯಿಲ್ಲದವರೂ ಕೈಯಿಂದ ಮುಟ್ಟಿ ತಿಳಿಯುವಂಥ ಪ್ರತಿಕೃತಿಗಳನ್ನು ಮಾಡಿಸಿದ್ದಾರೆ. ಚಿತ್ರವನ್ನು ಮುಟ್ಟಬಾರದೆಂಬ ನಿಯಮ ಒಬ್ಬನಿಗೆ ಸಂಗ್ರಹಾಲಯವನ್ನೇ ಮುಚ್ಚಿಬಿಡುತ್ತದೆ ಎಂದು ಯಾರೋ ಒಬ್ಬರು ಯೋಚಿಸಿದ್ದರಿಂದ ತಾನೆ ಇದು ಆದದ್ದು?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಕಲೆ ಎಲ್ಲರದಾಗಬೇಕೆಂಬ ಉತ್ಸಾಹದಲ್ಲಿ ಕಲಾವಿದನ ಹೆಗಲ ಮೇಲೆ ಹೊರೆ ಹೊರಿಸುವುದು ಸುಲಭ. 'ಜನರಿಗೆ ತಿಳಿಯುವಂತೆ ಮಾಡಿ' ಎಂಬ ಅಪ್ಪಣೆ ಸರ್ಕಾರದಿಂದ ಬಂದರೂ ಸಾಹುಕಾರನಿಂದ ಬಂದರೂ ಕೊನೆಗೆ ಪ್ರಚಾರದ ಫಲಕಗಳನ್ನೇ ಹುಟ್ಟಿಸುತ್ತದೆ. ನಮ್ಮ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದು, ಬಹುಮಟ್ಟಿಗೆ ಏಕಾಂತದಲ್ಲಿ ಬಾಳಿದರು. ಊಟಿಯ ಬೆಟ್ಟಗಳ ಮಂಜನ್ನು ಬರೆದಾಗ ಅವರು ಯಾರಿಗೆ ತಿಳಿದೀತೆಂದು ಲೆಕ್ಕಹಾಕಿರಲಾರರು. ಆ ಚಿತ್ರಗಳು ಇಂದು ಅವರ ಹೆಸರಿನ ಸರ್ಕಾರಿ ಗ್ಯಾಲರಿಯಲ್ಲಿ ಸಾರ್ವಜನಿಕರ ಸ್ವತ್ತಾಗಿವೆ. ಅಲ್ಲಿಂದ ಮುಂದಿನ ಋಣ ವೆಂಕಟಪ್ಪನವರದಲ್ಲ. ಕಲಾವಿದನ ಋಣ ತನಗೆ ಕಂಡ ಸತ್ಯಕ್ಕೆ. ಬಾಗಿಲು ತೆರೆದಿಡುವ, ಕನ್ನಡದಲ್ಲಿ ಒಂದು ಚೀಟಿ ಬರೆದಂಟಿಸುವ, ಕೂರಲು ಬೆಂಚು ಹಾಕುವ, ಕೇಳಿದ್ದಕ್ಕೆ ಮುಖ ಸಿಂಡರಿಸದೆ ಉತ್ತರ ಹೇಳುವ ಋಣ ಸಂಸ್ಥೆಯದು. ನೋಡುಗನಾದ ನನಗೂ ಒಂದು ಋಣವುಂಟು: ಉಗುಳುವುದಕ್ಕೆ ಮುಂಚೆ ಅಗಿಯುವುದು. ಎರಡು ನಿಮಿಷ ನಿಂತು ನೋಡದೆ 'ಇದನ್ನು ನಮ್ಮ ಮನೆಯ ಹುಡುಗನೂ ಮಾಡುತ್ತಾನೆ' ಎಂದುಬಿಡುವ ಹಕ್ಕು ನನಗಿಲ್ಲ.

ಇಷ್ಟೆಲ್ಲ ಮಾಡಿಯೂ ಜನ ಮೆಚ್ಚದಿದ್ದರೆ? ಮೆಚ್ಚದಿರಲಿ. ಕಲೆಯ ಮನೆಗೆ ಬಂದವರೆಲ್ಲ ಹೊಗಳಿಯೇ ಹೋಗಬೇಕೆಂದರೆ ಅದು ಆತಿಥ್ಯವಾಗುವುದಿಲ್ಲ. ಲಾರಿ ಡ್ರೈವರು ಆ ಕೂದಲ ಹಗ್ಗಗಳ ಎದುರಿಗೆ ನಿಂತು ನೋಡಿ, 'ಅಮ್ಮಾ, ನೀವು ಇದನ್ನು ಹೀಗೆ ನೇತುಹಾಕಿದ್ದು ನನಗೆ ಸರಿಬರಲಿಲ್ಲ. ಇದು ರಕ್ಷೆ, ಆಟದ ಸಾಮಾನಲ್ಲ' ಎಂದರೂ ಎನ್ನಬಹುದು. ಆ ಮಾತಿಗೆ ಉತ್ತರ ಹುಡುಕುವಾಗ ಕಲಾವಿದರಿಗೂ ವಿಮರ್ಶಕರಿಗೂ ಯಾವ ಪುಸ್ತಕದಲ್ಲಿಯೂ ಸಿಕ್ಕದ ಒಂದು ವಿಚಾರ ಹೊಳೆದೀತು. ಬೇಡವೆನ್ನುವ ಅಧಿಕಾರ ಬರುವುದು ನೋಡಿದ ಮೇಲೆ. ನೋಡಿ ಬೇಡವೆಂದವರು ಕಲೆಯ ಸಂವಾದದಲ್ಲಿ ಪಾಲುಗಾರರೇ. ನೋಡುವುದಕ್ಕೆ ಮೊದಲೇ ಹಿಂದಿರುಗಿದವರ ಲೆಕ್ಕವನ್ನು ಮಾತ್ರ ಒಳಗಿರುವ ನಾವು ಕೊಡಬೇಕಾಗುತ್ತದೆ.