ಎದುರು ಬರುವವನ ಕಣ್ಣು

ಬೆಳಕು ಮನುಷ್ಯನಿಗೆ ಹಿತಕರವೆಂಬುದನ್ನು ಸಂಶಯಿಸಿದವರು ವಿರಳ. ಜ್ಞಾನಕ್ಕೂ ಮಂಗಳಕ್ಕೂ ಈ ನಾಡಿನ ಜನರು ಅದನ್ನೇ ಗುರುತಾಗಿ ಇರಿಸಿಕೊಂಡಿರುವರು. ಆದುದರಿಂದಲೇ, ಒಬ್ಬನು ತನ್ನ ಬೆಳಕನ್ನು ಹೆಚ್ಚಿಸಿಕೊಂಡರೆ ಮತ್ತೊಬ್ಬನಿಗೆ ಕೆಡುಕಾದೀತೆಂಬ ಮಾತು ಮೊದಲ ಕೇಳ್ವಿಗೆ ವಿಪರೀತವಾಗಿ ತೋರುವುದು. ಅದು ವಿಪರೀತವಲ್ಲವೆಂದು ತಿಳಿಯುವುದಕ್ಕೆ ದೊಡ್ಡ ಗ್ರಂಥಗಳನ್ನು ತೆರೆಯಬೇಕಾದುದಿಲ್ಲ. ಆಟಿ ತಿಂಗಳ ಒಂದು ಮಳೆಯ ರಾತ್ರಿ ಬಂಟವಾಳದಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ ಹೊರಟರೆ ಸಾಕು.

ಈ ಸೀಮೆಯ ಮಾರ್ಗಗಳು ಸಮತಟ್ಟಾದುವಲ್ಲ. ಗುಡ್ಡವನ್ನೇರಿ ಬೈಲಿಗಿಳಿದು, ಮುರಕಲ್ಲಿನ ಬರೆಗಳ ನಡುವೆ ತಿರುಗಿ, ಅಡಕೆಯ ತೋಟಗಳ ಅಂಚನ್ನು ಹಿಡಿದು ಅವು ಸಾಗುತ್ತವೆ. ನಡೆದುಹೋಗುವವರಿಗೆಂದು ಬೇರೆ ಜಾಗವಿರುವುದು ಅಪೂರ್ವ. ಡಾಮರಿನ ಅಂಚೇ ಅವರ ಹಾದಿ. ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ರಬ್ಬರು ತೋಟಕ್ಕೆ ಹೊರಟ ಟ್ಯಾಪಿಂಗಿನವರು, ಸೊಸೈಟಿಗೆ ಹಾಲು ಒಯ್ಯುವವರು, ಕಟ್ಟಿದ ಬೀಡಿಯನ್ನು ಒಪ್ಪಿಸಿ ಮಬ್ಬುಗತ್ತಲೆಯಲ್ಲಿ ಮರಳುವ ಹೆಂಗಸರು, ಬೇಸಗೆಯಾದರೆ ಬಯಲಾಟ ಮುಗಿಸಿ ನಿದ್ದೆಗಣ್ಣಿನಲ್ಲಿ ಬರುವ ಮಕ್ಕಳು, ಮುದುಕರು, ಇವರೆಲ್ಲ ಆ ಅಂಚಿನಲ್ಲಿಯೇ ನಡೆಯತಕ್ಕವರು.

ಇಂತಹ ಮಾರ್ಗದಲ್ಲಿ ಹಳೆಯ ಕಾರೊಂದನ್ನು ನಡೆಸುವ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಅಂಬಾಸಿಡರಿನ ತಯಾರಿಕೆಯೂ ಮಾರುತಿ 800ರ ತಯಾರಿಕೆಯೂ 2014ರಲ್ಲಿ ನಿಂತುಹೋದುವು; ಪ್ರೀಮಿಯರ್ ಪದ್ಮಿನಿಯು ಅದಕ್ಕಿಂತ ಮುಂಚೆಯೇ ನಿಂತಿತ್ತು. ಆದರೂ ತಂದೆಯು ಕೊಂಡ ಕಾರೆಂಬ ಮಮತೆಯಿಂದ ಅವುಗಳನ್ನು ಇಟ್ಟುಕೊಂಡ ಮನೆಗಳು ಇಲ್ಲದಿಲ್ಲ. ಗೃಹಸ್ಥನಿಗೆ ಅರುವತ್ತು ದಾಟಿದೆ. ಇಪ್ಪತ್ತು ವರುಷದ ತರುಣನ ಕಣ್ಣಿನ ಒಳಪದರಕ್ಕೆ ತಲಪುವ ಬೆಳಕಿನ ಮೂರರಲ್ಲೊಂದು ಪಾಲು ಮಾತ್ರವೇ ಅರುವತ್ತರ ಕಣ್ಣಿಗೆ ದಕ್ಕುವುದೆಂದು ನೇತ್ರಶಾಸ್ತ್ರಜ್ಞರು ಹೇಳುತ್ತಾರೆ. ಮಳೆ ನೀರು ನಿಂತ ಕರಿಯ ಡಾಮರು ಇದ್ದ ಬೆಳಕನ್ನೂ ನುಂಗಿಬಿಡುತ್ತದೆ. ಅಂಚಿನಲ್ಲಿ ಕೊಡೆ ಹಿಡಿದವನು ಹತ್ತು ಮಾರು ಹತ್ತಿರಕ್ಕೆ ಬಂದಾಗಲೇ ಕಾಣಿಸುವನು. ಹೀಗಿರಲು ಆ ಗೃಹಸ್ಥನು ಹೆಚ್ಚು ಪ್ರಖರವಾದ ಬಲ್ಬುಗಳನ್ನು ಹಾಕಿಸಬೇಕೆಂದು ಬಯಸಿದರೆ ಅದನ್ನು ಡಂಭವೆಂದು ಹಳಿಯುವುದು ಅನ್ಯಾಯ. ಅವನಿಗೆ ಬೇಕಾದುದು ಯಾರನ್ನೂ ಕೊಲ್ಲದೆ ಮನೆ ಸೇರುವುದು. ಧರ್ಮಪ್ರಶ್ನೆಯು ಕಠಿನವಾಗುವುದು ಇಲ್ಲಿಯೇ. ಕೆಟ್ಟ ಬುದ್ಧಿಯಿಂದ ಮಾಡಿದ ಕೆಲಸವನ್ನು ಅಳೆಯುವುದು ಸುಲಭ. ಒಳ್ಳೆಯ ಬುದ್ಧಿಯಿಂದ ಮಾಡಿದ ಕೆಲಸವು ಇನ್ನೊಬ್ಬನ ಕಣ್ಣನ್ನು ಕಟ್ಟಿದರೆ ಏನೆನ್ನಬೇಕು?

ಉತ್ತರವನ್ನು ಹುಡುಕುವ ಮೊದಲು ಬಲ್ಬಿನ ಒಳಗನ್ನು ಒಮ್ಮೆ ನೋಡುವುದು ಒಳ್ಳೆಯದು. ಎಚ್-4 ಎಂದು ಕರೆಯುವ ಹ್ಯಾಲೊಜನ್ ಬಲ್ಬಿನಲ್ಲಿ ಎರಡು ತಂತುಗಳಿರುತ್ತವೆ: ದೂರದ ಬೆಳಕಿಗೆ 60 ವ್ಯಾಟಿನದೊಂದು, ತಗ್ಗಿಸಿದ ಬೆಳಕಿಗೆ 55 ವ್ಯಾಟಿನದೊಂದು. ಈ ಎರಡನೆಯ ತಂತುವಿನ ಅಡಿಯಲ್ಲಿ ಲೋಹದ ಪುಟ್ಟ ಬಟ್ಟಲೊಂದನ್ನು ಇರಿಸಿರುತ್ತಾರೆ. ಆ ತಂತುವಿನ ಬೆಳಕು ದೀಪದ ಕನ್ನಡಿಯ ಕೆಳಭಾಗಕ್ಕೆ ಬಿದ್ದರೆ ಅಲ್ಲಿಂದ ಮೇಲಕ್ಕೆ ಚಿಮ್ಮಿ ಎದುರಿನವನ ಮುಖಕ್ಕೆ ತಾಗುವುದು. ಅದನ್ನು ತಡೆಯುವುದೇ ಈ ಬಟ್ಟಲಿನ ಉದ್ಯೋಗ. ಅದರ ಅಂಚನ್ನು ಒಂದು ಬದಿಯಲ್ಲಿ ತುಸು ಓರೆ ಮಾಡಿರುವುದರಿಂದ ಎಡದಲ್ಲಿ ನಡೆಯುವವನ ಕಡೆಗೆ ಬೆಳಕು ಸ್ವಲ್ಪ ಏರಿ ಹೋಗುತ್ತದೆ, ಬಲದಿಂದ ಬರುವವನ ಕಡೆಗೆ ತಗ್ಗಿಯೇ ಇರುತ್ತದೆ. ಅಂದರೆ, ಹುಟ್ಟಿದ ಬೆಳಕಿನ ಒಂದು ಪಾಲನ್ನು ಬಲ್ಬನ್ನು ಮಾಡಿದವರು ಬೇಕೆಂದೇ ಬಿಟ್ಟುಕೊಟ್ಟಿರುವರು. ಬೆರಳ ತುದಿಯಷ್ಟು ದೊಡ್ಡದಾದ ಆ ಬಟ್ಟಲಿನಲ್ಲಿ ಅಪರಿಚಿತನೊಬ್ಬನ ಲೆಕ್ಕವೂ ಸೇರಿಕೊಂಡಿದೆ.

ಪೇಟೆಯಲ್ಲಿ ಈಗ ದೊರೆಯುವ ಬದಲಿ ಬಲ್ಬುಗಳು ಈ ಲೆಕ್ಕವನ್ನು ಎರಡು ವಿಧವಾಗಿ ಕೆಡಿಸುತ್ತವೆ. ಒಂದು, 100/90 ವ್ಯಾಟಿನ ಹ್ಯಾಲೊಜನ್. ಅದರಲ್ಲಿ ಬಟ್ಟಲೇನೋ ಇರುತ್ತದೆ; ಆದರೆ ಕನ್ನಡಿಯ ಕೊಳೆ, ಗಾಜಿನ ಗೀರುಗಳ ದೆಸೆಯಿಂದ ಅತ್ತಿತ್ತ ಚದರುವ ಬೆಳಕೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡನೆಯದು ಎಲ್‌ಇಡಿ. ಅದರ ಬೆಳಕಿನ ಬಿಲ್ಲೆಗಳು ತಂತುವಿನ ಆಕಾರದವೂ ಅಲ್ಲ, ಎಲ್ಲ ತಯಾರಿಕೆಗಳಲ್ಲಿಯೂ ತಂತುವಿದ್ದ ಸ್ಥಾನದಲ್ಲಿ ನಿಲ್ಲುವವೂ ಅಲ್ಲ. ತಂತುವಿಗೆಂದು ಕಡೆದ ಕನ್ನಡಿಯಲ್ಲಿ ಅದನ್ನು ಕೂರಿಸಿದಾಗ ಬೆಳಕಿಗೂ ಕತ್ತಲೆಗೂ ನಡುವೆ ಇರಬೇಕಾದ ಗೆರೆಯು ಅಳಿಸಿಹೋಗುತ್ತದೆ. ನಡೆಸುವವನಿಗೆ ಮುಂದೆಲ್ಲ ಬೆಳ್ಳಗೆ ಕಂಡು ಸಂತೋಷವಾಗುವುದು. ಆ ಬಿಳುಪಿನಲ್ಲಿ ಎಷ್ಟು ಪಾಲು ಮಾರ್ಗದ ಮೇಲೆ ಬಿದ್ದಿದೆ, ಎಷ್ಟು ಪಾಲು ಮಳೆಯ ಹನಿಗಳಿಗೆ ತಾಗಿ ತನ್ನ ಕಣ್ಣಿಗೇ ಹಿಂದಿರುಗಿದೆ, ಎಷ್ಟು ಪಾಲು ಎದುರಿನವನ ಮುಖವನ್ನು ಮುಚ್ಚಿದೆ ಎಂಬುದು ಆಸನದಲ್ಲಿ ಕುಳಿತವನಿಗೆ ತಿಳಿಯುವಂತಿಲ್ಲ.

'ದೀಪದ ಬುಡದಲ್ಲಿ ಕತ್ತಲೆ' ಎಂದು ಗಾದೆ. ಮೋಟಾರಿನ ದೀಪದ ಕತ್ತಲೆಯಾದರೋ ಬುಡದಲ್ಲಿಲ್ಲ. ಅದು ಐವತ್ತು ಮಾರು ಮುಂದೆ ಮತ್ತೊಬ್ಬನ ಕಣ್ಣಿನೊಳಗೆ ಹೋಗಿ ಕುಳಿತಿರುತ್ತದೆ.

ಈ ವಿಷಯದಲ್ಲಿ ಕಾನೂನಿನ ವಿವೇಕವು ಮೆಚ್ಚತಕ್ಕದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ದೀಪಗಳನ್ನು ತಗ್ಗಿಸುವುದಕ್ಕೆ ಸಂಬಂಧಪಟ್ಟುದು. ದೀಪದಿಂದ 8 ಮೀಟರು ದೂರದಲ್ಲಿ, ಅದರ ಬಲಕ್ಕೆ ಅರ್ಧ ಮೀಟರಿನಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣುಳ್ಳವನು ಕೋರೈಸದಂತೆ ಬೆಳಕು ಕೆಳಗೆ ಬಾಗಿರಬೇಕೆಂದು ಅದು ವಿಧಿಸುತ್ತದೆ. ಒಂದೂವರೆ ಮೀಟರೆಂದರೆ ನಿಂತ ಮನುಷ್ಯನೊಬ್ಬನ ಕಣ್ಣಿನ ಎತ್ತರ. ದೀಪದ ಯಜಮಾನನಿಗೆ ಎಷ್ಟು ಕಾಣುತ್ತದೆ ಎಂದಲ್ಲ, ಎದುರಿಗೆ ನಿಂತವನಿಗೆ ಏನಾಗುತ್ತದೆ ಎಂದು ಈ ನಿಯಮವು ಕೇಳುತ್ತದೆ. ತನ್ನ ಕಾರ್ಯದ ಅಳತೆಗೋಲನ್ನು ಪರನ ಕೈಯಲ್ಲಿ ಕೊಡಬೇಕೆಂಬ ನೀತಿಬೋಧೆ ಪುರಾತನವಾದುದೇ. ಅದನ್ನು ಮೀಟರುಗಳಲ್ಲಿ ಬರೆದಿಟ್ಟ ಉದಾಹರಣೆಗಳು ಹೆಚ್ಚಿಲ್ಲ. ತಯಾರಕನು ಕೊಟ್ಟ ಸ್ವರೂಪವನ್ನು ಬದಲಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2024ರ ಜುಲೈಯಿಂದ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ದೀಪಗಳ ಮೇಲೆ ರಾಜ್ಯದಾದ್ಯಂತ ಪ್ರಕರಣಗಳನ್ನು ದಾಖಲಿಸತೊಡಗಿದರು. ಆದರೆ ನಡುರಾತ್ರಿಯ ಒಳಮಾರ್ಗದಲ್ಲಿ ಪೊಲೀಸರು ಎಷ್ಟು ಕಡೆ ನಿಂತಾರು? ಅಲ್ಲಿ ಉಳಿಯುವುದು ನಡೆಸುವವನೂ ಅವನ ಮನಸ್ಸೂ ಮಾತ್ರ.

ಮನಸ್ಸು ಹೇಳುವ ಮಾತಾದರೂ ಯಾವುದು? “ಎದುರಿನವರು ಯಾರೂ ಡಿಮ್ ಮಾಡುವುದಿಲ್ಲ ಮಾರಾಯ್ರೆ, ಮತ್ತೆ ನಾವು ಮಾತ್ರ ಯಾಕೆ ಕಣ್ಣು ಕಳಕೊಳ್ಳಬೇಕು?” ಈ ಮಾತನ್ನು ವರ್ಕ್‌ಶಾಪಿನಲ್ಲಿಯೂ ಮದುವೆಯ ಊಟದ ಪಂಕ್ತಿಯಲ್ಲಿಯೂ ಕೇಳಬಹುದು. ಇದನ್ನು ಲಘುವಾಗಿ ತಳ್ಳಿಹಾಕಲಾಗದು. ಸಂಯಮಿಯಾದವನೇ ನಷ್ಟಪಡಬೇಕಾದ ಸಂದರ್ಭಗಳು ಲೋಕದಲ್ಲಿ ಬೇಕಾದಷ್ಟಿವೆ, ಇದು ಅವುಗಳಲ್ಲೊಂದು. ಆದರೆ ಇದರಲ್ಲಿ ಅಡಗಿದ ಎಣಿಕೆಯ ತಪ್ಪು ಎದ್ದುಕಾಣುವಂತಹುದು. ಪ್ರಖರವಾದ ಬೆಳಕು ಹೊಡೆದ ಮೇಲೆ ಕಣ್ಣು ಮೊದಲಿನಂತಾಗಲು ಕೆಲವು ಸೆಕೆಂಡುಗಳು ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಐದು ಸೆಕೆಂಡಿಗೆ 80 ಮೀಟರಿಗೆ ಮಿಕ್ಕು. ಎದುರಿನ ಬೆಳಕಿನಿಂದ ಕೆಟ್ಟ ಕಣ್ಣನ್ನು ತನ್ನ ದೀಪದ ಹೆಚ್ಚಳವು ರಿಪೇರಿ ಮಾಡಲಾರದು. ಅದು ಎದುರಿನವನಿಗೂ ಅದೇ ಐದು ಸೆಕೆಂಡುಗಳನ್ನು ದಾನ ಮಾಡುವುದಷ್ಟೆ. ಕಾಣದೆ ಬರುವ ಒಂದು ವಾಹನದ ಬದಲಿಗೆ ಇಂತಹವು ಎರಡಾಗುತ್ತವೆ.

ಅಷ್ಟೇ ಅಲ್ಲ. ಈ ವ್ಯಾಜ್ಯವು ಇಬ್ಬರು ಕಾರಿನವರದೆಂಬಂತೆ ಮಾತು ನಡೆಯುತ್ತದೆ. ಮೂರನೆಯವನೊಬ್ಬನು ಡಾಮರಿನ ಅಂಚಿನಲ್ಲಿ ಕೊಡೆ ಹಿಡಿದು ನಡೆಯುತ್ತಿರುವುದನ್ನು ಇಬ್ಬರೂ ಮರೆತಿರುತ್ತಾರೆ. ಎರಡು ಬೆಳಕುಗಳು ಇದಿರಾದಾಗ ಅವುಗಳ ನಡುವಿನ ಮನುಷ್ಯನು ಇಬ್ಬರಿಗೂ ಕಾಣದೆ ಹೋಗುವನು. ಸೇಡು ತೀರಿಸಿಕೊಳ್ಳಲು ಅವನ ಬಳಿ ಬಲ್ಬಿಲ್ಲ. ಯಾರನ್ನು ಕಾಣಬೇಕೆಂದು ಆ ಗೃಹಸ್ಥನು ಬೆಳಕನ್ನು ಬಯಸಿದನೋ ಅವನೇ ಆ ಬೆಳಕಿನ ಪೈಪೋಟಿಗೆ ಮೊದಲ ಬಲಿಯಾಗಬಹುದು.

ವಿದ್ಯುತ್ತಿಲ್ಲದ ಕಾಲದಲ್ಲಿ ಈ ಸೀಮೆಯವರು ರಾತ್ರಿ ತೆಂಗಿನ ಒಣಗರಿಯ ಸೂಟೆಯನ್ನು ಬೀಸುತ್ತ ನಡೆಯುತ್ತಿದ್ದರು. ಸೂಟೆಯ ಬೆಳಕು ಹಿಡಿದವನ ಕಾಲಬುಡದಷ್ಟೇ ಅವನ ಮುಖದ ಮೇಲೂ ಬೀಳುವುದು. ಎದುರು ಬರುವವರಿಗೆ ಇಂತಹವನೆಂದು ಗುರುತು ಸಿಕ್ಕು, ಎರಡು ಮಾತು ಆಡಿ ದಾಟುವುದಕ್ಕಾಗುತ್ತಿತ್ತು. ಆ ಕಾಲವೇ ಚೆನ್ನಾಗಿತ್ತೆಂದು ಹೇಳುವ ಮಾತಲ್ಲ ಇದು. ಹಾವು ತುಳಿದವರೂ ಸಂಕದಿಂದ ಹಳ್ಳಕ್ಕೆ ಬಿದ್ದವರೂ ಆಗ ಇಲ್ಲದಿರಲಿಲ್ಲ. ಆದರೆ ಮೋಟಾರಿನ ದೀಪದ ಹಿಂದೆ ಮುಖವಿಲ್ಲ. ಬೆಳಿಗ್ಗೆ ಸಿದ್ಧಕಟ್ಟೆಯ ಪೇಟೆಯಲ್ಲಿ ಚಾ ಕುಡಿಯುತ್ತ ಕ್ಷೇಮ ವಿಚಾರಿಸಿದ ನೆರೆಯವನೇ ರಾತ್ರಿ ತಿರುವಿನಲ್ಲಿ ಎರಡು ಬಿಳಿಯ ಉಂಡೆಗಳಾಗಿ ಬಂದು ಬೈಗುಳ ತಿಂದು ಹೋಗುತ್ತಾನೆ. ಗುರುತು ಇದ್ದಲ್ಲಿ ದಾಕ್ಷಿಣ್ಯವು ಮಾಡಿಸುತ್ತಿದ್ದ ಕೆಲಸವನ್ನು ಗುರುತು ಇಲ್ಲದಲ್ಲಿ ಧರ್ಮಬುದ್ಧಿಯೊಂದೇ ಮಾಡಿಸಬೇಕಾಗಿದೆ.

ಮೂಡುಬಿದಿರೆಯಂತಹ ಜೈನಕ್ಷೇತ್ರವು ನೆರೆಯಲ್ಲಿರುವಾಗ ಇನ್ನೊಂದು ಮಾತನ್ನೂ ನೆನೆಯಬಹುದು. ಸೂರ್ಯಾಸ್ತದ ಅನಂತರ ಉಣ್ಣಬಾರದೆಂಬ ಜೈನರ ನಿಯಮಕ್ಕೆ ಹೇಳುವ ಕಾರಣಗಳಲ್ಲೊಂದು, ದೀಪಕ್ಕೆ ಮುತ್ತಿ ಸಾಯುವ ಹುಳುಗಳದು. ಊಟದ ಎಲೆ ಕಾಣಲೆಂದು ಹಚ್ಚಿದ ದೀಪಕ್ಕೂ ಉತ್ತರ ಹೇಳಬೇಕೆಂದು ಭಾವಿಸಿದವರು ಈ ಮಣ್ಣಿನಲ್ಲಿ ಬಾಳಿದರು. ಅಷ್ಟು ಸೂಕ್ಷ್ಮವು ಎಲ್ಲರಿಗೂ ಸಾಧ್ಯವೆನ್ನುವಂತಿಲ್ಲ. ದೀಪವನ್ನು ಹಚ್ಚುವುದೂ ಒಂದು ಕರ್ಮವೆಂಬ ಅರಿವಾದರೂ ಅದರಿಂದ ದೊರೆಯುತ್ತದೆ.

ಹಾಗಾದರೆ ಅರುವತ್ತು ದಾಟಿದ ಗೃಹಸ್ಥನು ಕತ್ತಲೆಯಲ್ಲಿಯೇ ತಡಕಾಡಬೇಕೆ? ಅಲ್ಲ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ದೀಪದ ವಿದ್ಯುತ್ತೆಲ್ಲವೂ ಬ್ಯಾಟರಿಯಿಂದ ಹೊರಟು ಸ್ವಿಚ್ಚಿನ ಮೂಲಕವೇ ಸುತ್ತಿ ಬಲ್ಬಿಗೆ ಹೋಗುವುದು. 60 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 10 ಆಂಪಿಯರನ್ನು ಎಳೆಯುತ್ತವೆ. ವಯರು ತೆಳ್ಳಗಾಗಿ, ಜೋಡಣೆಗಳು ಕಿಲುಬು ಹಿಡಿದು, ದಾರಿಯಲ್ಲಿ ವೋಲ್ಟೇಜಿನ ಹತ್ತರಲ್ಲೊಂದಂಶ ಸೋರಿಹೋದರೂ ಬೆಳಕು ನೂರಕ್ಕೆ ಸುಮಾರು 30ರಷ್ಟು ಕುಗ್ಗುತ್ತದೆ. ಅಂತಹ ವಯರಿಗೆ 100 ವ್ಯಾಟಿನ ಬಲ್ಬುಗಳನ್ನು ಕಟ್ಟಿ 17 ಆಂಪಿಯರಿನ ಭಾರ ಹೊರಿಸಿದರೆ ಹೋಲ್ಡರು ಕರಗೀತು, ಸ್ವಿಚ್ಚು ಸುಟ್ಟೀತು. ಅದರ ಬದಲು ರಿಲೇ ಹಾಕಿಸಿ, ದಪ್ಪ ವಯರಿನಿಂದ ಬ್ಯಾಟರಿಗೆ ನೇರವಾಗಿ ಜೋಡಿಸಿ, ಬಣ್ಣಗೆಟ್ಟ ಕನ್ನಡಿಯನ್ನು ಬದಲಿಸಿ, ಗಾಜನ್ನು ಶುಚಿಮಾಡಿಸಿದರೆ ಮೊದಲಿನ ಬಲ್ಬೇ ತನ್ನ ಪೂರ್ಣ ಬೆಳಕನ್ನು ಕೊಡುವುದು. ಖರ್ಚೂ ದೊಡ್ಡದಲ್ಲ. ಮೇಸ್ತ್ರಿಗೆ ಕೆಲಸ ತುಸು ಹೆಚ್ಚು, ಬಲ್ಬಿನ ವ್ಯಾಪಾರಿಗೆ ಲಾಭ ತುಸು ಕಡಿಮೆ. ಇದನ್ನು ಮುಂದಾಗಿ ಹೇಳುವವರು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನುಳಿದುದು ದೀಪದ ಮುಖವನ್ನು ಸರಿಪಡಿಸುವ ಕೆಲಸ. ಹಿಂದಿನ ಪ್ಲೇಟುಗಳು ಕುಗ್ಗಿದ ಕಾರಿನ ಡಿಕ್ಕಿಯಲ್ಲಿ ನಾಲ್ಕು ಗೋಣಿ ಅಡಕೆಯನ್ನು ಹೇರಿದರೆ ಮೂತಿ ಮೇಲೆದ್ದು, ತಗ್ಗಿಸಿದ ದೀಪವೂ ಆಕಾಶವನ್ನು ನೋಡುತ್ತದೆ. ಆದುದರಿಂದ ಹೇರುವ ಭಾರವನ್ನು ಹೇರಿಯೇ ಪರೀಕ್ಷಿಸಬೇಕು. ಸಮನೆಲದಲ್ಲಿ ಗೋಡೆಯಿಂದ 10 ಮೀಟರು ದೂರಕ್ಕೆ ಕಾರನ್ನು ನಿಲ್ಲಿಸಿ, ದೀಪದ ಎತ್ತರಕ್ಕೆ ಸರಿಯಾಗಿ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಯೆಳೆಯುತ್ತಾರೆ. ತಗ್ಗಿಸಿದ ಬೆಳಕಿನ ಮೇಲಂಚು ಆ ಗೆರೆಯಿಂದ ಸುಮಾರು 10 ಸೆಂಟಿಮೀಟರು ಕೆಳಗಿರಬೇಕು. ಸಂಜೆ ಕತ್ತಲೆ ಕವಿದ ಮೇಲೆ ಮೇಸ್ತ್ರಿಯು ದೀಪದ ಬಳಿ ಕುಕ್ಕರಿಸಿ ತಿರುಪನ್ನು ತಿರುಗಿಸುತ್ತಾನೆ. ಯಜಮಾನನು ಗೋಡೆಯ ಬಳಿ, ಎದುರು ಬರುವವನು ಇರತಕ್ಕ ಜಾಗದಲ್ಲಿ, ತನ್ನ ಕಾರಿನ ಕಡೆಗೆ ಮುಖಮಾಡಿ ನಿಂತು, “ಇನ್ನೂ ಕಣ್ಣಿಗೆ ಹೊಡೆಯುತ್ತದೆ, ಸ್ವಲ್ಪ ಕೆಳಗೆ” ಎನ್ನುತ್ತಾನೆ.